ಕಂಬಳಿಯಲ್ಲಿ ಸುತ್ತಿಟ್ಟ ಗಂಜಿ

ಒಲೆಯ ಮೇಲೆ ಏನಾದರೂ ಕುದಿಯುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸೊಸೆ ಗ್ಯಾಸಿನ ಮೇಲೆ ಬೇಳೆ ಇಟ್ಟು ಹಿತ್ತಲಿಗೆ ಹೋದರೆ ನಾನು ಎದ್ದು ಹೋಗಿ ಮುಚ್ಚಳ ಸರಿಸಿ ನೋಡುತ್ತೇನೆ. ಬಂದು ಕೂರುತ್ತೇನೆ. ಮತ್ತೆ ಎದ್ದು ಹೋಗುತ್ತೇನೆ. "ಅತ್ತಿ, ಬ್ಯಾಳಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಕುಂದರ್ರಿ" ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ. ಕಾರಣ ಹೇಳಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಬೇರೆ ಏನೋ ಮಾತು ಬಂದುಬಿಡುತ್ತದೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಬರೆಯುವ ರೂಢಿ ಕಡಿಮೆ. ಆದರೂ ಬಾಯಿಂದ ಬರದದ್ದು ಕೈಯಿಂದ ಬಂದೀತೆಂದು ಕೂತಿದ್ದೇನೆ.

ಸಂಸ್ಥಾನಗಳು ಹೋಗಿ ಮುಂಬೈ ಸರಕಾರ ಬಂದ ಹೊಸತು. ಬನಹಟ್ಟಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಒಳಗೆ ಎರಡು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವಂಥವು. ಒಂದರಲ್ಲಿ ಅಣ್ಣ ಕೂರುತ್ತಿದ್ದ. ಇನ್ನೊಂದು ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅದು ಖಾಲಿ ಬಿದ್ದಿತ್ತು. ನೂಲಿಗೆ ಕಂಟ್ರೋಲು. ಸಾವಕಾರರು ಒಂದು ಮಗ್ಗಕ್ಕೆ ಆಗುವಷ್ಟು ನೂಲು ಕೊಡುವುದೇ ಹೆಚ್ಚಾಗಿತ್ತು. ನೇಯ್ದು ಒಯ್ದ ಸೀರೆಗಳು ಅವರ ಅಂಗಡಿಯಲ್ಲೇ ಕಟ್ಟಿಗೆಯಂತೆ ಒಟ್ಟಿರುತ್ತಿದ್ದವು. ಕೊಳ್ಳುವವರಿಲ್ಲ, ಹಾಗಾಗಿ ನೇಯುವವರಿಗೂ ಕೆಲಸವಿಲ್ಲ.

ಹೊಲದವರಿಗೆ ದನ ಇರುತ್ತವೆ, ಸಗಣಿ ಇರುತ್ತದೆ, ಹತ್ತಿಯ ಕಡ್ಡಿಯಾದರೂ ಇರುತ್ತದೆ. ನೇಕಾರರ ಮನೆಯಲ್ಲಿ ಉರಿಸಲು ಏನಿದೆ? ಸಗಣಿ ತಟ್ಟಿ ಒಣಗಿಸಿದ ಒಂದೊಂದು ಕುಳ್ಳನ್ನೂ ಕೊಂಡು ತರಬೇಕು. ದೀಪದ ಘಾಸಲೇಟ್ ಎಣ್ಣೆಗೆ ಕಾರ್ಡು ಹಿಡಿದು ನಿಲ್ಲಬೇಕು. ಹಾಗಾಗಿ ನಾವು ಅಡಿಗೆಮನೆಗೂ ಮಗ್ಗದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಂಡಿ ಕೊರೆದು ಅದರಲ್ಲಿ ಚಿಮಣಿ ಇಟ್ಟಿದ್ದೆವು. ಒಂದೇ ಬೆಳಕು ಎರಡು ಕಡೆ ಬೀಳುತ್ತಿತ್ತು. ಕಡ್ಡಿಪೆಟ್ಟಿಗೆ ತರುವುದನ್ನು ಬಿಟ್ಟೇಬಿಟ್ಟಿದ್ದೆವು. ಮುಂಜಾನೆ ಯಾರ ಮನೆಯ ಬೆಳಕಿಂಡಿಯಲ್ಲಿ ಹೊಗೆ ಕಾಣುತ್ತದೋ ಅವರ ಮನೆಗೆ ಕುಳ್ಳಿನ ಚೂರು ಹಿಡಿದು ಹೋಗಿ ಕೆಂಡ ತರುವುದು. ರೊಟ್ಟಿಯನ್ನು ಪಕ್ಕದ ಮನೆಯವರೊಂದಿಗೆ ಸೇರಿ ಬಡಿಯುತ್ತಿದ್ದೆವು. ಒಂದು ದಿನ ಅವರ ಒಲೆ, ಒಂದು ದಿನ ನಮ್ಮದು. ರೊಟ್ಟಿ ಮುಗಿದು ಒಲೆ ಇನ್ನೂ ಬಿಸಿ ಇರುವಾಗಲೇ ಅದರ ಮೇಲೆ ಮೈತೊಳೆಯುವ ನೀರಿನ ಹಂಡೆ.

ಈ ಉರವಲಿನ ಕಾರಭಾರವೆಲ್ಲ ನನ್ನದು. ಅವ್ವ ಯಾವಾಗಲೋ ವಹಿಸಿದ್ದಳು, ನಾನು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಯಾರಾದರೂ ಒಲೆಗೆ ಒಂದು ಕುಳ್ಳು ಹೆಚ್ಚು ತುರುಕಿದರೆ ಎಳೆದು ಹೊರಗಿಟ್ಟು ನೀರು ಚಿಮುಕಿಸುತ್ತಿದ್ದೆ. ಅವ್ವ ಓಣಿಯ ಹೆಂಗಸರ ಮುಂದೆ, "ನಮ್ಮ ಸಣ್ಣಾಕಿ ಬಿಡ್ರಿ, ಒಂದ ಕುಳ್ಳಿನಾಗ ಮದವಿ ಅಡಗಿ ಮಾಡ್ತಾಳ" ಎನ್ನುತ್ತಿದ್ದಳು. ಆ ಮಾತು ಕೇಳಲು ನಾನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಹೊಟ್ಟೆ ತುಂಬ ಉಂಡರೂ ಆಗದ ತೃಪ್ತಿ ಅದರಿಂದ ಆಗುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಬೇರು ಇದೇ. ಬಡತನ ಕಾರಣವೆಂದರೆ ಸುಳ್ಳಾಗುತ್ತದೆ.

ಕುಳ್ಳು ತರುತ್ತಿದ್ದವಳು ಊರ ಹೊರಗಿನ ಕುರುಬರ ಹಟ್ಟಿಯ ಹೆಣ್ಣುಮಗಳು. ಬುಟ್ಟಿ ಇಳಿಸಿ ನೀರು ಕುಡಿದು ಸ್ವಲ್ಪ ಹೊತ್ತು ಕೂರುತ್ತಿದ್ದಳು. ನಾನು ಕುಳ್ಳುಗಳನ್ನು ಒಂದೊಂದಾಗಿ ತೂಗಿ ನೋಡುವುದನ್ನು ಕಂಡು ಒಮ್ಮೆ ನಕ್ಕಳು.

"ಕುಳ್ಳಿನ ಮಾರಿ ಏನ ನೋಡ್ತಿ ತಂಗಿ? ಉಳಸೂದಿದ್ರ ಗಡಿಗಿ ಒಂದ ಕುದಿ ಕುದ್ದ ಮ್ಯಾಲ ಇಳಿಸಿ ಕಂಬಳ್ಯಾಗ ಸುತ್ತಿಡು. ನಮ್ಮವ್ರು ಕುರಿ ಹೊಡಕೊಂಡು ದೂರ ಹೋಗುವಾಗ ಹಂಗ ಮಾಡ್ತಾರ. ಮುಂದಿನ ಹೊಲದಾಗ ಇಳಿಯೂದ್ರಾಗ ನುಚ್ಚು ಅರಳಿ ಕುಂತಿರ್ತೈತಿ."

"ಬೆಂಕಿ ಇಲ್ದನ?"

"ಕುರಿ ಉಣ್ಣಿ ಕಂಬಳಿ ಅಂದ್ರ ಬೆಂಕಿನ. ನೀ ಮಾಡಿ ನೋಡು, ಆಮ್ಯಾಲ ನನ್ನ ಬೈಯ್ಯು."

ಅಪ್ಪನ ಹಳೆಯ ಕಂಬಳಿ ಇತ್ತು. ಬುಟ್ಟಿಯ ತಳಕ್ಕೆ ಮಗ್ಗದ ತುಂಡು ನೂಲು ಹಾಸಿ, ಕುದಿ ಬಂದ ಜೋಳದ ನುಚ್ಚಿನ ಗಡಿಗೆಯನ್ನು ಅದರಲ್ಲಿ ಕೂರಿಸಿ, ಮೇಲೆ ಕಂಬಳಿ ಬಿಗಿದು ಮೂಲೆಯಲ್ಲಿಟ್ಟೆ. ಮಧ್ಯಾಹ್ನ ಬಿಚ್ಚಿದರೆ ಆವಿ ಮುಖಕ್ಕೆ ಬಡಿಯಿತು. ನುಚ್ಚು ಹೂವಿನ ಹಾಗೆ ಅರಳಿತ್ತು. ಅಣ್ಣ ತುತ್ತು ಬಾಯಿಗಿಟ್ಟು, "ಬೆಂಕಿ ಉಳಸೇನಂತ ಹೇಳಿ ನಾಲಿಗಿ ಸುಟ್ಟೆಲ್ಲಬೇ" ಎಂದ. ಓಣಿಯ ಹೆಂಗಸರು ನೋಡಲು ಬಂದರು. ಅಕ್ಕ ಮಾತ್ರ ರಾಟಿ ತಿರುಗಿಸುತ್ತಲೇ, "ನಾಳಿ ನಮ್ಮನ್ನೂ ಕಂಬಳ್ಯಾಗ ಸುತ್ತಿ ಇಟ್ಟಬಿಡು ತಂಗಿ, ಹಸಿವು ತಾನ ಕುದ್ದು ಹೋಗ್ಲಿ" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂದು ಎಲ್ಲರ ಕಣ್ಣು ನನ್ನ ಮೇಲಿರಬೇಕಿತ್ತು, ಅವಳ ಒಂದು ಮಾತಿಗೆ ಅತ್ತ ತಿರುಗಿದ್ದವು.

ಅಕ್ಕನನ್ನು ಬೀಳಗಿಗೆ ಕೊಟ್ಟಿತ್ತು. ಅವಳ ಗಂಡ ಸೊಲ್ಲಾಪುರದ ಮಿಲ್ಲಿಗೆ ಹೋದವನು ಸುದ್ದಿ ಕಳಿಸಿರಲಿಲ್ಲ. ಅವನು ಬರುವ ತನಕ ತವರಿನಲ್ಲಿರು ಎಂದು ಅತ್ತೆಯ ಮನೆಯವರು ಕಳಿಸಿದ್ದರು. ಅವಳಿಗೂ ಅದೇ ಬೇಕಿತ್ತು. ಆ ಮನೆಯಲ್ಲಿ ಅತ್ತೆ ರೊಟ್ಟಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳಂತೆ, ಎರಡನೆಯದಕ್ಕೆ ಕೈ ಚಾಚಿದರೆ ಕೈಯನ್ನೇ ನೋಡುತ್ತಿದ್ದಳಂತೆ. ಅಕ್ಕ ಇದನ್ನು ನಗುತ್ತಲೇ ಹೇಳುತ್ತಿದ್ದಳು. ಆದರೆ ಬೀಳಗಿಯ ಕಡೆಯಿಂದ ಯಾರಾದರೂ ಬಂದರೆಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು.

ಆ ಮಳೆಗಾಲ ಅಣ್ಣನಿಗೆ ತೇರದಾಳದ ಹುಡುಗಿಯ ಮಾತು ನಡೆದಿತ್ತು. ಸೊಸೆ ಬಂದರೆ ಉಣ್ಣುವವರು ಇನ್ನೊಬ್ಬರಾದರು. ಅಕ್ಕ ಇಲ್ಲೇ ಉಳಿಯಬೇಕೆಂದರೆ ಅವಳ ಕೈಯಿಂದ ಮನೆಗೆ ಏನಾದರೂ ಬರಬೇಕು. ಇದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಅಕ್ಕ ತಾನೇ ಒಂದು ದಿನ ಊಟದ ಹೊತ್ತಿಗೆ ಮಾತು ತೆಗೆದಳು.

"ಅಪ್ಪನ ಕುಣಿ ಖಾಲಿ ಬಿದ್ದೈತಿ. ನಾ ಇಳೀತೇನಿ."

ನಮ್ಮ ಓಣಿಯಲ್ಲಿ ಹೆಂಗಸರು ರಾಟಿ ತಿರುಗಿಸಿ ಲಾಳಿಯೊಳಗೆ ಕೂರಿಸುವ ಕಂಡಿಕೆ ಸುತ್ತುವುದು, ನೂಲಿಗೆ ಗಂಜಿ ಹಾಕುವುದು ಇತ್ತು. ಕುಣಿಯಲ್ಲಿ ಇಳಿದು ನೇಯುವವರು ಗಂಡಸರೇ. ಅಣ್ಣ ತಾಟಿನಿಂದ ತಲೆ ಎತ್ತಿದ.

"ನೀ ಕುಣ್ಯಾಗ ಇಳದ್ರ ಗಂಡಸ್ರು ರಾಟಿ ಮುಂದ ಕುಂಡ್ರಬೇಕೇನು?"

"ಕುಂತ್ರ ಏನ ಸವೀತೈತಿ? ನಿನ್ನ ಕಂಡಿಕಿ ಸುತ್ತಿ ಸುತ್ತಿ ನನ್ನ ಹೆಬ್ಬಟ್ಟು ಸವದೈತಿ, ನೋಡಿಲ್ಲಿ."

"ಸಾವಕಾರ್ರು ಒಪ್ಪಬೇಕಲ್ಲ."

"ನೀ ಕೇಳು. ಒಪ್ಪಲಿಲ್ಲಂದ್ರ ನಾ ಮತ್ತ ಬಾಯಿ ಬಿಡಂಗಿಲ್ಲ."

ಅಣ್ಣ ಕೇಳಿದ. ಅದು ಅವನ ದೊಡ್ಡತನ, ಅದನ್ನು ಹೇಳಲೇಬೇಕು. ಸಂಜೆ ಹೆಗಲ ಮೇಲೆ ಒಂದು ಹಾಸು ಹೊತ್ತು ಬಂದ. ಹಾಸು ಎಂದರೆ ಮಗ್ಗದ ಉದ್ದಕ್ಕೆ ಎಳೆಯುವ ನೂಲು, ಕೆಲವು ಸೀರೆಗಳಿಗೆ ಆಗುವಷ್ಟು. ಅದನ್ನು ಅಪ್ಪನ ಮಗ್ಗದ ಹತ್ತಿರ ಇಳಿಸಿ, "ಇದೊಂದ ಕೊಟ್ಟಾರ. ಛಲೋ ಬಂದ್ರ ಮುಂದಿಂದು ಕೊಡ್ತಾರಂತ. ಕೆಟ್ರ ಆ ಮಗ್ಗದ ಹೆಸರು ಎತ್ತಬ್ಯಾಡ ಅಂದಾರ" ಎಂದ. ಅಕ್ಕ ನೂಲಿಗೆ ಮೂಗು ತಾಗಿಸಿ ವಾಸನೆ ನೋಡಿದಳು. ಅವ್ವ ಅಳಲು ಶುರು ಮಾಡಿದ್ದಕ್ಕೆ ಅವಳನ್ನೇ ಗದರಿದಳು.

ಹಸಿ ನೂಲು ಮಗ್ಗದ ಹೊಡೆತ ತಾಳುವುದಿಲ್ಲ. ಅದಕ್ಕೆ ಗಂಜಿ ಕುಡಿಸಬೇಕು. ಜೋಳದ ಹಿಟ್ಟನ್ನು ನೀರಲ್ಲಿ ಕದಡಿ, ಹಸಿ ವಾಸನೆ ಪೂರ್ತಿ ಹೋಗಿ ಕಟ್ಟಿಗೆಯ ಹುಟ್ಟು ತಿರುಗಿಸಲು ಕೈ ಸೋಲುವ ತನಕ ಕುದಿಸಬೇಕು. ಆರಿಸಿಟ್ಟು ಮರುದಿನ ಓಣಿಯ ಉದ್ದಕ್ಕೆ ಹಾಸನ್ನು ಎಳೆದು ಕಟ್ಟಿ ಕುಂಚದಿಂದ ತಿಕ್ಕಬೇಕು. ಕುದಿಸಲು ಬಹಳ ಹೊತ್ತು ಹಿಡಿಯುತ್ತದೆ, ಬಹಳ ಕುಳ್ಳೂ ಹಿಡಿಯುತ್ತದೆ. ಯಾವಾಗಲೂ ಅಕ್ಕನೇ ಅದನ್ನು ಮಾಡುತ್ತಿದ್ದಳು. ಅಂದು ಅವಳು ಅಪ್ಪನ ಕುಣಿಯೊಳಗೆ ಇಳಿದು, ಇಲಿ ತೋಡಿದ ಮಣ್ಣು ಬಳಿದು, ತುಳಿಯುವ ಹಲಗೆಗಳಿಗೆ ಹೊಸ ಹಗ್ಗ ಬಿಗಿಯುತ್ತಿದ್ದಳು. ಗಂಜಿಯನ್ನು ನನಗೆ ಹೇಳಿದಳು.

ಹೊರಗೆ ಜಿಟಿಜಿಟಿ ಮಳೆ. ಕುಳ್ಳಿನವಳು ಬಂದಿರಲಿಲ್ಲ. ನಮ್ಮ ಕುಳ್ಳಿನ ಬುಟ್ಟಿಯ ತಳ ಕಾಣುತ್ತಿತ್ತು. ಇದ್ದಷ್ಟರಲ್ಲೇ ಸಂತೆಯ ತನಕ ತಳ್ಳುತ್ತೇನೆಂದು ನಾನು ಅವ್ವನ ಮುಂದೆ ಜಂಬದಿಂದ ಹೇಳಿದ್ದೆ. ಅಕ್ಕನಿಗೆ ಅದು ಗೊತ್ತಿತ್ತು. ಕುಣಿಯೊಳಗಿಂದಲೇ ಕೂಗಿದಳು.

"ತಂಗೀ, ಇದರಾಗ ಉಳಸಾಕ ಹೋಗಬ್ಯಾಡ. ಕುಳ್ಳು ಮುಗದ್ರ ಮುಗೀಲಿ. ನಾಳಿ ಒಲಿ ಹತ್ತದಿದ್ರ ಹಸಿ ಉಳ್ಳಾಗಡ್ಡಿ ತಿಂದಿರೂಣು."

"ಹ್ಞೂ ಅಕ್ಕಾ" ಎಂದೆ.

ಒಂದು ಕುದಿ ಬಂತು. ಗುಳ್ಳೆಗಳು ಎದ್ದು ಒಡೆಯತೊಡಗಿದವು. ನಾನು ಹುಟ್ಟು ತಿರುಗಿಸುತ್ತ ಬುಟ್ಟಿಯ ಕಡೆ ನೋಡಿದೆ, ಗಡಿಗೆಯ ಕಡೆ ನೋಡಿದೆ. ಹಿಟ್ಟು ಅದೇ ಜೋಳದ್ದು. ನುಚ್ಚು ಕಂಬಳಿಯಲ್ಲಿ ಬೇಯುವುದಾದರೆ ಇದೇಕೆ ಬೇಯಬಾರದು? ಆಗಿಬಿಟ್ಟರೆ ಓಣಿಯ ಎಲ್ಲ ಮನೆಗಳಲ್ಲೂ ಇನ್ನು ಹೀಗೇ ಗಂಜಿ ಮಾಡುತ್ತಾರೆ, ಯಾರು ಕಲಿಸಿದರೆಂದು ಕೇಳುತ್ತಾರೆ. ಅಕ್ಕನಿಗೆ ಕೇಡು ಮಾಡುವ ಯೋಚನೆ ನನ್ನಲ್ಲಿರಲಿಲ್ಲ. ಆ ಹೊತ್ತಿನಲ್ಲಿ ಅಕ್ಕನ ಯೋಚನೆಯೇ ಇರಲಿಲ್ಲ, ಅದೇ ನನ್ನ ಮೇಲಿನ ಆರೋಪ. ಕುಳ್ಳುಗಳನ್ನು ಎಳೆದು ನೀರು ಚಿಮುಕಿಸಿ ಆರಿಸಿದೆ. ಗಡಿಗೆಯನ್ನು ಕಂಬಳಿಯಲ್ಲಿ ಬಿಗಿದೆ.

ಹೊತ್ತು ಇಳಿಯುವ ಮುಂಚೆ ಬಿಚ್ಚಿ ನೋಡಿದಾಗ ಮೇಲೆ ಕೆನೆ ಕಟ್ಟಿತ್ತು. ನೋಡಲು ಗಟ್ಟಿಯಾಗಿತ್ತು. ಹುಟ್ಟು ಹಾಕಿ ತಿರುಗಿಸಿದರೆ ಕೈಗೆ ಭಾರವೇ ಆಗಲಿಲ್ಲ, ಹಸಿ ಹಿಟ್ಟಿನ ವಾಸನೆ ಬಂತು. ತಿರುಗಿಸಿ ಮತ್ತೆ ಮೂಸಿದೆ. ಅದೇ ವಾಸನೆ. ಆಗಲೂ ಕಾಲ ಮಿಂಚಿರಲಿಲ್ಲ. ಮತ್ತೆ ಒಲೆಗೆ ಏರಿಸಿದ್ದರೆ ಆಗುತ್ತಿತ್ತು. ಆದರೆ ಬೆಂಕಿ ಆರಿಸಿಬಿಟ್ಟಿದ್ದೆ. ಪಕ್ಕದ ಮನೆಗೆ ಕೆಂಡ ಕೇಳಲು ಹೋದರೆ, ಈಗಷ್ಟೇ ನಿಮ್ಮ ಒಲೆ ಉರಿಯುತ್ತಿತ್ತಲ್ಲ ಎಂದು ಕೇಳುತ್ತಾರೆ. ಓಣಿಗೆಲ್ಲ ಉರವಲು ಉಳಿಸುವುದನ್ನು ಕಲಿಸಿದವಳು ಒಂದೇ ಗಡಿಗೆಗೆ ಎರಡು ಸಲ ಬೆಂಕಿ ಹಾಕುವುದೇ? ಬಾಗಿಲ ತನಕ ಹೋದೆ. ತಿರುಗಿ ಬಂದೆ. ಮತ್ತೆ ಹೋದೆ. ಕಡೆಗೆ ಗಡಿಗೆಗೆ ಮುಚ್ಚಳ ಹಾಕಿ ಅಕ್ಕನಿಗೆ, "ಆತು" ಎಂದೆ.

ಮರುದಿನ ಮುಂಜಾನೆ ಮಳೆ ಹೊಳವಾಗಿತ್ತು. ಓಣಿಯ ಉದ್ದಕ್ಕೆ ಹಾಸು ಕಟ್ಟಿ, ಅಕ್ಕಪಕ್ಕದವರು ಎರಡು ಕಡೆ ಹಿಡಿದು ನಿಂತಿದ್ದರು. ಅಕ್ಕ ಗಂಜಿಯಲ್ಲಿ ಬೆರಳದ್ದಿ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

"ಯಾಕೋ ಬೆರಳಿಗೆ ಹತ್ತವಲ್ದು. ಛಂದಂಗ ಕುದಸೀಯೇನ?"

"ಕುದಸೀನಿ ಅಕ್ಕಾ. ಮಳಿ ಹವಾಕ್ಕ ಹಂಗ ಆಗಿರಬೇಕು."

ಅವಳು ಇನ್ನೊಂದು ಮಾತು ಕೇಳಲಿಲ್ಲ. ನಂಬಿದಳು. ಕುಂಚ ಅದ್ದಿ ತಿಕ್ಕತೊಡಗಿದಳು. ಹಾಡು ಬಾರದವಳು ಅಂದು ಏನೋ ಗುನುಗುತ್ತಿದ್ದಳು.

ಹಾಸು ಮಗ್ಗಕ್ಕೆ ಏರಿತು. ಮೊದಮೊದಲು ಲಾಳಿ ಸರಿಯಾಗಿಯೇ ಓಡಿತು. ಆಮೇಲೆ ಎಳೆಗಳು ನವಿರೆದ್ದು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. ಮಗ್ಗದ ಕೆಳಗೆ ಹಿಟ್ಟು ಉದುರಿ ಅಕ್ಕನ ಪಾದಗಳ ಮೇಲೆ ಬೂದಿಯಂತೆ ಕೂತಿತು. ಒಂದು ಎಳೆ ಕಡಿಯಿತು. ಗಂಟು ಹಾಕಿದಳು. ಇನ್ನೊಂದು ಕಡಿಯಿತು. ನಾಲ್ಕು ಸಲ ಲಾಳಿ ಓಡಿಸಿದರೆ ಹತ್ತು ಸಲ ನಿಲ್ಲಿಸಬೇಕು. ನಾನು ಪಕ್ಕದಲ್ಲೇ ಕೂತು ಕಂಡಿಕೆ ಸುತ್ತಬೇಕು, ಕೂರಲಾಗದೆ ನೀರಿಗೆಂದು, ಒಲೆಗೆಂದು ಏಳುತ್ತಿದ್ದೆ.

"ಯಾಕ ಇರಿವಿ ಕಡದಂಗ ಮಾಡಾಕತ್ತಿ? ಕುಂತಲ್ಲಿ ಕುಂಡ್ರು" ಎಂದಳು ಅಕ್ಕ. ಬೆವರು ಒರೆಸಿಕೊಂಡು ತನ್ನ ಅಂಗೈ ನೋಡಿಕೊಂಡಳು. "ಹವಾ ತಂಪೈತಿ ಅದು ಖರೆ. ಆದ್ರ ನನ್ನ ಕೈನೂ ಭಾರ ಕಾಣತೈತಿ. ಅಪ್ಪ ಎಷ್ಟ ಹಗುರ ಹೊಡೀತಿದ್ದ."

ನಾನು ರಾಟಿ ತಿರುಗಿಸಿದೆ.

ಅಣ್ಣ ಎರಡು ದಿನ ಸುಮ್ಮನೆ ನೋಡಿದ. ಮೂರನೆಯ ದಿನ ಅಕ್ಕ ಬಾವಿಗೆ ಹೋದಾಗ ತನ್ನ ಕುಣಿಯಿಂದ ಎದ್ದು ಬಂದು ಅವಳ ಹಾಸಿನ ಮೇಲೆ ಬೆರಳಾಡಿಸಿದ. ಬೆರಳ ತುದಿಯನ್ನು ನಾಲಿಗೆಗೆ ಹಚ್ಚಿ ನೋಡಿದ. ನನ್ನತ್ತ ತಿರುಗಿದ.

"ಗಂಜಿ ಹಸೀದೈತೆಲ್ಲ. ಯಾರ ಕುದಿಸಿದ್ರಿ?"

"ನಾನು."

"ಎಷ್ಟ ಹೊತ್ತ ಕುದಸಿದಿ?"

ನನ್ನ ಕೈ ರಾಟಿಯ ಮೇಲೆಯೇ ಇತ್ತು. ಯೋಚಿಸುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ.

"ಅಕ್ಕ ಸಾಕಂದ್ಲು, ಇಳಿಸಿದೆ. ಕುಳ್ಳು ಕಡಿಮಿ ಅದಾವ ಅಂದ್ಲು."

ಅಣ್ಣ ಹಿತ್ತಲಿಗೆ ಹೋದ. ಅಕ್ಕ ಕೊಡ ಹೊತ್ತು ಹಿತ್ತಲ ಬಾಗಿಲಿಂದ ಬರುವುದು ನನಗೆ ಕಾಣುತ್ತಿತ್ತು. ಅಣ್ಣ ಅವಳೆದುರು ನಿಂತು ಏನೋ ಹೇಳಿದ. ಉದ್ದದ ಮಾತಲ್ಲ, ಒಂದು ಮಾತು. ಓಣಿಯ ಮಗ್ಗಗಳ ಸಪ್ಪಳದಲ್ಲಿ ನನಗೆ ಕೇಳಲಿಲ್ಲ. ಅಕ್ಕ ಕೊಡವನ್ನು ಕೆಳಗಿಡಲಿಲ್ಲ. ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಅವನ ಮುಖ ನೋಡುತ್ತ ನಿಂತಳು. ಅಣ್ಣ ಒಳಗೆ ಬಂದ ಮೇಲೂ ಅವಳು ಅಲ್ಲೇ ನಿಂತಿದ್ದಳು. ತುಳುಕಿದ ನೀರು ಸೀರೆ ನೆನೆಸುತ್ತಿತ್ತು.

ಆಮೇಲೆ ಅವಳು ಕುಣಿಗೆ ಇಳಿಯಲಿಲ್ಲ. ಅಣ್ಣ ಅರೆನೇಯ್ದ ಹಾಸನ್ನು ಕೊಯ್ದು ಸಾವಕಾರರಿಗೆ ಒಯ್ದ. ಬೀಳಗಿಗೆ ಹೇಳಿಕಳಿಸಲಿಲ್ಲ, ಯಾರೂ ಕರೆಯಲು ಬರಲಿಲ್ಲ, ಅಕ್ಕ ತಾನೇ ಗಂಟು ಕಟ್ಟಿದಳು. ಅವ್ವ ಎಷ್ಟು ಕೇಳಿದರೂ, "ಅದ ನನ್ನ ಮನಿ ಅಲ್ಲೇನಬೇ, ಎಂದಿದ್ರೂ ಹೋಗೂದ" ಎಂದಷ್ಟೇ ಹೇಳಿದಳು. ಗಂಟು ಹೊತ್ತು ನಾನು ಬಸ್ಸಿನ ತನಕ ಹೋದೆ. ದಾರಿಯುದ್ದಕ್ಕೂ ಹೇಳುತ್ತೇನೆ, ಈ ಮರದ ಹತ್ತಿರ ಹೇಳುತ್ತೇನೆ, ಆ ಅಂಗಡಿ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ನಡೆದೆ. ಬಸ್ಸು ಹತ್ತುವಾಗ ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

"ಅವ್ವಗ ಒಲಿ ಊದಾಕ ಬಿಡಬ್ಯಾಡ, ಕೆಮ್ಮು ಹತ್ತೈತಿ. ನೀ ಅದೀಯಂತ ನನಗ ಧೈರ್ಯ. ಮನಿ ಛಲೋ ಉಳಸ್ತಿ ನೀ."

ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮನೆಗೆ ಬಂದು ಒಲೆ ಹಚ್ಚಿದೆ. ಅಂದಿನಿಂದ ಒಲೆಯ ಮುಂದೆ ಕೂತಿರಲು ನನ್ನಿಂದ ಆಗಿಲ್ಲ.

ಅಪ್ಪನ ಕುಣಿಗೆ ಹಲಗೆ ಮುಚ್ಚಿದರು. ತೇರದಾಳದ ಹುಡುಗಿ ಸೊಸೆಯಾಗಿ ಬಂದಳು, ಅವಳ ಪೆಟ್ಟಿಗೆ ಆ ಹಲಗೆಯ ಮೇಲೆ ಕೂತಿತು. ಮುಂದೆ ನನ್ನನ್ನು ರಬಕವಿಗೆ ಕೊಟ್ಟರು. ಅವ್ವ ತೀರಿಕೊಂಡಳು. ಮಣ್ಣಿಗೆ ಬಂದ ಅಕ್ಕ ಕಡ್ಡಿಯ ಹಾಗಾಗಿದ್ದಳು. ಬೀಳಗಿಯಲ್ಲಿ ಅವಳು ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ನಾವಿಬ್ಬರೂ ತಬ್ಬಿಕೊಂಡು ಅತ್ತೆವು. ಅವಳು ಅವ್ವನಿಗಾಗಿ ಅತ್ತಳು. ನಾನು ಯಾತಕ್ಕಾಗಿ ಅತ್ತೆನೋ ನನಗೆ ಗೊತ್ತು.

ಇನ್ನೂ ಕೆಲವು ವರ್ಷ ಹೋದವು. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರುವ ಮಾತು ಊರಲ್ಲಿ ನಡೆಯುತ್ತಿದ್ದ ಕಾಲ. ಅಕ್ಕನ ಗಂಡ ಸೊಲ್ಲಾಪುರ ಬಿಟ್ಟು ತಿರುಗಿ ಬಂದಿದ್ದ, ಅವರಿಗೊಂದು ಕೂಸೂ ಆಗಿತ್ತು. ಒಳ್ಳೆಯ ಮನುಷ್ಯ, ಮಿಲ್ಲಿನ ಧೂಳಿಗೆ ಎದೆ ಕೆಟ್ಟಿತ್ತು. ಮಗ್ಗದ ಸಾಮಾನಿಗೆಂದು ರಬಕವಿಗೆ ಬಂದವನು ನಮ್ಮ ಮನೆಗೆ ಊಟಕ್ಕೆ ಬಂದ.

"ನೇಕಾರರ ಸೊಸಾಯ್ಟಿಯವ್ರು ನೂಲು ಕೊಡ್ತೇವಂತಾರ. ಮಗ್ಗಾನೂ ಹಳೇದೊಂದು ಸಿಕ್ಕೈತಿ" ಎಂದ. "ನನ್ನ ಎದಿಗೆ ಕುಣ್ಯಾಗಿನ ಥಂಡಿ ಆಗಂಗಿಲ್ಲ. ನಿಮ್ಮಕ್ಕಗ ಕುಂಡ್ರು ಅಂದ್ರ ಮಗ್ಗದ ಹತ್ರನೂ ಬರವಲ್ಲಳು. ನನ್ನ ಕೈ ನೂಲಿಗೆ ಆಗಿ ಬರಂಗಿಲ್ಲ, ನಾ ಮುಟ್ಟಿದ ಹಾಸು ಕೆಡತೈತಿ ಅಂತಾಳ. ಯಾರ ಹೇಳ್ಯಾರ ಆಕಿಗೆ ಇದನ್ನ? ನೀವರ ಒಂದ ಮಾತು ಹೇಳ್ರಿ."

ನೂಲು ಹೋದದ್ದು, ಮಗ್ಗ ಹೋದದ್ದು, ಅವಳು ಬೀಳಗಿಗೆ ಹೋದದ್ದು ನನಗೆ ಗೊತ್ತಿತ್ತು. ಇದೊಂದು ಗೊತ್ತಿರಲಿಲ್ಲ. ಗಂಜಿ ಚೆನ್ನಾಗಿ ಕುದ್ದಿದೆ ಎಂದು ನಾನು ಹೇಳಿದ್ದನ್ನು ಅವಳು ನಂಬಿದ್ದಳಲ್ಲ. ಗಂಜಿ ಸರಿ ಇದ್ದ ಮೇಲೆ ತಪ್ಪು ಎಲ್ಲಿರಬೇಕು? ತನ್ನ ಕೈಯಲ್ಲೇ ಇರಬೇಕು. ಅಷ್ಟು ವರ್ಷವೂ ಅವಳು ಅದನ್ನೇ ನಂಬಿ ಕೂತಿದ್ದಳು.

ಮರುದಿನವೇ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಸುದ್ದಿಯಿಲ್ಲದೆ ಬಂದದ್ದಕ್ಕೆ ಗಾಬರಿಯಾದಳು. ನಾನು ನೀರು ಸಹ ಕುಡಿಯದೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕಾಯಿ ಒಡೆಯುವ ಸಪ್ಪಳ ಮಾತಿನ ನಡುವೆ ಕೇಳುತ್ತಲೇ ಇತ್ತು.

"ಒಂದ ಕುದೀಗೆ ಇಳಿಸಿದಿ?" ಎಂದಳು ಕಡೆಗೆ.

"ಹ್ಞೂ."

"ಹುಟ್ಟು ಕೈಗೆ ಭಾರ ಆಗಿರಲಿಲ್ಲ?"

"ಇಲ್ಲ."

"ನಾ ಬೆರಳದ್ದಿ ಕೇಳಿದ್ನಲ್ಲ. ಆಗರ ಹೇಳಬೇಕಿಲ್ಲ?"

ನಾನು ಕೆಳಗೆ ಬಿದ್ದ ಶೇಂಗಾ ಸಿಪ್ಪೆ ಆಯತೊಡಗಿದೆ.

"ನನ್ನ ಕೈ ಭಾರ ಅಂತ ತಿಳಕೊಂಡಿದ್ನೆಲ್ಲೇ ನಾ." ಅವಳು ಕೂಗಲಿಲ್ಲ. ಸೋತುಹೋದ ದನಿಯಲ್ಲಿ ಹೇಳಿದಳು. "ಕೂಸಿಗೆ ತೊಟ್ಟಿಲ ಹಗ್ಗ ಕಟ್ಟುವಾಗೂ ಈ ಕೈಲಿ ಬ್ಯಾಡಂತ ಗಂಡನ್ನ ಕರೀತಿದ್ದೆ."

ಅವಳ ಕಾಲು ಹಿಡಿಯಲು ಬಗ್ಗಿದೆ. ಕಾಲು ಸರಿಸಿದಳು.

"ಅಣ್ಣಗ ಏನಂತ ಹೇಳಿದ್ದಿ ಆವತ್ತು?"

"ನೀನ ಸಾಕಂದಿ ಅಂತ ಹೇಳಿದ್ದೆ."

ಆಗ ಅವಳ ಕೈ ನಿಂತಿತು.

"ಈಗ ಖರೆ ಏನಂತ ಹೇಳೀಯೇನು ಅವಗ?"

"ಇಲ್ಲಕ್ಕಾ. ಮೊದಲ ನಿನ್ನ ಹಂತ್ಯಾಕ ಬಂದೆ."

"ಮೊದಲ ಅವಗ ಹೇಳು, ಹೋಗು. ನನಗ ಹೇಳಿದ್ರ ನಿನ್ನ ಎದಿ ಹಗುರ ಆಗತೈತಿ. ಅವಗ ಹೇಳಿದ್ರ ನನ್ನ ಹೆಸರು ಹೊಳ್ಳಿ ಬರತೈತಿ."

ಊಟಕ್ಕೆ ಏಳು ಎನ್ನಲಿಲ್ಲ. ನಾನೂ ಕೂರಲಿಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ರಸ್ತೆಯ ಆಚೆ ಈಚೆ ಓಡಾಡಿದೆ. ಬನಹಟ್ಟಿ ಮುಟ್ಟುವ ತನಕ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದೆ, ಜಾಗ ಇದ್ದರೂ.

ಅಣ್ಣ ಮಗ್ಗದಲ್ಲಿದ್ದ. ಅತ್ತಿಗೆ ಚಹಾಕ್ಕೆಂದು ಒಳಗೆ ಹೋದಳು. ಅವಳು ತಿರುಗಿ ಬರುವ ಮುಂಚೆ ಹೇಳಿ ಮುಗಿಸಿದೆ. ಮೊದಲ ಮಾತಿಗೆ ಲಾಳಿ ಓಡುತ್ತಲೇ ಇತ್ತು. ಕಂಬಳಿಯ ಮಾತಿಗೆ ನಿಧಾನವಾಯಿತು. ನಾನು ಅವನಿಗೆ ಹೇಳಿದ ಸುಳ್ಳಿನ ಮಾತಿಗೆ ನಿಂತಿತು. ಅವನು ಕುಣಿಯಿಂದ ಮೇಲೇಳಲಿಲ್ಲ. ಎರಡೂ ಕೈಯನ್ನು ನೇಯ್ದ ಬಟ್ಟೆಯ ಮೇಲೆ ಇಟ್ಟುಕೊಂಡು ಕೂತ.

"ನೀ ಹೋಗು" ಎಂದ.

"ಅಣ್ಣಾ, ನಂದ ತಪ್ಪಾತು."

"ನಿಂದಿರ್ಲಿ. ನಾ ಆಕಿಗೆ ಆವತ್ತು ಹಿತ್ತಲದಾಗ ಏನಂದಿದ್ದೆ, ನಿನಗ ಗೊತ್ತೇನು?"

"ಇಲ್ಲ. ಏನಂದಿದ್ದಿ?"

ಅವನು ಹೇಳಲಿಲ್ಲ. ಅತ್ತಿಗೆ ಚಹಾ ತಂದಿಟ್ಟಳು. ಅದು ಆರುವ ತನಕ ಇಬ್ಬರೂ ಮುಟ್ಟಲಿಲ್ಲ.

ಮರುದಿನ ಅವನು ಬೀಳಗಿಗೆ ಹೋದ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೋಗಿರದವನು. ಅಲ್ಲಿ ಇಬ್ಬರ ನಡುವೆ ಏನು ಮಾತಾಯಿತೋ ತಿಳಿಯದು. ಆ ವರ್ಷದ ದೀಪಾವಳಿಗೆ ಮುಂಚೆ ಅಕ್ಕ ಮಗ್ಗಕ್ಕೆ ಕೂತಳೆಂದು ಅವಳ ಗಂಡ ಸುದ್ದಿ ತಂದ. ಒಂದು ಪಂಜೆ ನೇಯ್ದು ಅಣ್ಣನಿಗೆ ಕಳಿಸಿದ್ದಳು. ಅಣ್ಣ ಅದನ್ನು ಉಡಲಿಲ್ಲ, ಮಡಚಿ ಇಟ್ಟುಕೊಂಡ.

ನನ್ನೊಡನೆ ಅಕ್ಕ ಮಾತು ಬಿಡಲಿಲ್ಲ. ಮದುವೆ, ಬಸಿರಿಯರ ಕುಬಸ ಎಂದು ಹೋದಾಗ ನಗುತ್ತಲೇ ಕರೆದಳು, ಉಣ್ಣಿಸಿದಳು, ಮಕ್ಕಳ ಕೈಗೆ ಬೆಲ್ಲ ಕೊಟ್ಟಳು. ಒಲೆಯ ಹತ್ತಿರ ಮಾತ್ರ ಬಿಡಲಿಲ್ಲ. ನಾನು ಒಂದು ಕುಳ್ಳು ಸರಿಸಲು ಬಗ್ಗಿದರೆ, "ಇರ್ಲಿ ಬಿಡು, ಉರೀಲಿ" ಎಂದು ತಾನೇ ಬಂದು ಕೂರುತ್ತಿದ್ದಳು. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆಗೆ ಮಕ್ಕಳು ಕೈ ಹಾಕದಂತೆ ಅಡ್ಡ ಬರುತ್ತಾರಲ್ಲ, ಹಾಗೆ.

ಹಿತ್ತಲ ಮಾತು ಏನೆಂದು ಅಣ್ಣನನ್ನು ಇನ್ನೊಮ್ಮೆ ಕೇಳಿದ್ದೆ. "ಬ್ಯಾಡ" ಎಂದ. ಅಕ್ಕನನ್ನೂ ಕೇಳಿದೆ. ಅವಳು, "ಅದು ನಮ್ಮಿಬ್ಬರದು" ಎಂದಳು. ಈಗ ಇಬ್ಬರೂ ಇಲ್ಲ. ನನ್ನ ಸುಳ್ಳಿನಿಂದ ಹುಟ್ಟಿದ ಆ ಮಾತು ನನಗೊಬ್ಬಳಿಗೇ ಗೊತ್ತಿಲ್ಲ. ಅಣ್ಣನ ದನಿಯಲ್ಲಿ ಒಂದೊಂದೇ ಮಾತು ಹಚ್ಚಿ ನೋಡುತ್ತೇನೆ. ದಂಡದ ಕೂಳು ಅಂದಿದ್ದನೇ? ಗಂಡ ಬಿಟ್ಟವಳು ಅಂದಿದ್ದನೇ? ಅವನು ಅಂಥ ಮಾತಾಡುವವನಲ್ಲ ಎನಿಸುತ್ತದೆ. ಮರುಕ್ಷಣ, ಕೊಡ ಇಳಿಸದೆ ನಿಂತ ಅಕ್ಕನ ಮುಖ ನೆನಪಾಗಿ, ಅದಕ್ಕಿಂತ ದೊಡ್ಡದನ್ನೇ ಅಂದಿರಬೇಕು ಎನಿಸುತ್ತದೆ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತೇನೆ. ಕೂತ ಮೇಲೆ ಇನ್ನೊಂದು ಮಾತು ಹೊಳೆಯುತ್ತದೆ.